ದಪ್ಪ ಹಿಡಿಕೆಯಲ್ಲಿ ತಗ್ಗು ಬೀಳುತ್ತಿದೆ, ನೈಟ್ರೋಜನ್ ಬಿಟ್ಟರೆ ಸರಿಹೋಗುತ್ತಾ?

ಪ್ರಶ್ನೆ: "ಸರ್, ನಮ್ಮದು ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ವಸ್ತು ಮಾಡುವ ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಘಟಕ. ಪಿಪಿ (ಪಾಲಿಪ್ರೊಪಿಲೀನ್) ಪ್ಲಾಸ್ಟಿಕ್ಕಿನಲ್ಲಿ ಒಂದು ಹಿಡಿಕೆ ಮಾಡುತ್ತೇವೆ. ಕೈ ಹಿಡಿಯುವ ಜಾಗ 14 ಮಿ.ಮೀ. ದಪ್ಪ, ಎರಡೂ ತುದಿಯ ಪಟ್ಟಿಗಳು 3 ಮಿ.ಮೀ. ಮಾತ್ರ. ದಪ್ಪ ಇರುವ ಕಡೆ ಮೇಲ್ಮೈ ಒಳಕ್ಕೆ ಎಳೆದುಕೊಂಡು ತಗ್ಗು ಬೀಳುತ್ತದೆ. ಹೋಲ್ಡಿಂಗ್ ಪ್ರೆಶರ್ (ಅಚ್ಚು ತುಂಬಿದ ಮೇಲೂ ಮಾಲನ್ನು ಒತ್ತಿ ಹಿಡಿಯುವ ಒತ್ತಡ) ಏರಿಸಿದರೆ ಅಂಚಿನಲ್ಲಿ ಫ್ಲ್ಯಾಶ್ (ಅಚ್ಚಿನ ಸಂದಿಯಿಂದ ಹೊರಬರುವ ತೆಳು ಪದರ) ಬರುತ್ತದೆ, ತಗ್ಗು ಮಾತ್ರ ಹಾಗೇ ಇರುತ್ತದೆ. ಕೂಲಿಂಗ್ ಹೆಚ್ಚಿಸಿದರೆ ಸೈಕಲ್ (ಒಂದು ಹಿಡಿಕೆಗೆ ಹಿಡಿಯುವ ಸಮಯ) ಉದ್ದವಾಗಿ ಪೂರೈಸುವುದಿಲ್ಲ. ಕತ್ತರಿಸಿ ನೋಡಿದರೆ ಒಳಗೂ ಗುಳ್ಳೆಗಳಿವೆ. ಗ್ಯಾಸ್ ಅಸಿಸ್ಟ್ (ಅಚ್ಚಿನೊಳಗಿನ ಕರಗಿದ ಮಾಲಿಗೆ ಗ್ಯಾಸ್ ನುಗ್ಗಿಸುವ) ಉಪಕರಣ ಮಾರುವವರು ಬಂದು, ನೈಟ್ರೋಜನ್ ಬಿಟ್ಟರೆ ತಗ್ಗೂ ಹೋಗುತ್ತದೆ, ತೂಕವೂ ಇಳಿಯುತ್ತದೆ ಎಂದರು. ಈಗಾಗಲೇ ಒಳಗೆ ಗುಳ್ಳೆ ಇರುವಾಗ ಇನ್ನಷ್ಟು ಗ್ಯಾಸ್ ತುಂಬಿದರೆ ಕೆಡುವುದಿಲ್ಲವೇ? ಗಾಳಿಯಲ್ಲಿ ಮುಕ್ಕಾಲು ಪಾಲು ನೈಟ್ರೋಜನ್ನೇ ಇರುವಾಗ ಕಂಪ್ರೆಸರ್ ಗಾಳಿ ಯಾಕಾಗದು? ಸಿಲಿಂಡರ್ ಸಾಕಾ, ನೈಟ್ರೋಜನ್ ಜನರೇಟರ್ ಬೇಕಾ? ಕಾರ್ಬನ್ ಡೈಆಕ್ಸೈಡ್ ಆಗುತ್ತಾ? ಇನ್ನೊಬ್ಬರು ಫೋಮಿಂಗ್ ಪೌಡರ್ ಬೆರೆಸಿದರೆ ಸಾಕು ಅಂತಾರೆ. ಕೆಲಸದ ಹುಡುಗರು ಮಾತ್ರ 'ಗ್ಯಾಸ್ ಅಂದ್ರೆ ಬೆಂಕಿ, ಬೇಡ ಸರ್' ಅಂತ ಹೆದರಿದ್ದಾರೆ."

ಉತ್ತರ: ನಿಮ್ಮ ಪತ್ರದಲ್ಲಿ ಮೂರು ವಿಷಯಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ತಗ್ಗು ಯಾಕೆ ಬೀಳುತ್ತಿದೆ ಅನ್ನುವುದು ಒಂದು. ಯಾವ ಗ್ಯಾಸ್, ಎಲ್ಲಿಂದ ಅನ್ನುವುದು ಇನ್ನೊಂದು. ಕೆಲಸದವರ ಸುರಕ್ಷತೆ ಮೂರನೆಯದು. ಮಾರಲು ಬಂದವರು ಎರಡನೆಯದರಿಂದ ಮಾತು ಶುರು ಮಾಡುತ್ತಾರೆ, ಅದು ಅವರ ಕಸುಬು. ನಾವು ಮೊದಲನೆಯದರಿಂದ ಹೋಗೋಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹಿಡಿಕೆಯ ಆಕಾರಕ್ಕೆ ನೈಟ್ರೋಜನ್ ಚೆನ್ನಾಗಿ ಒಗ್ಗುತ್ತದೆ. ಆದರೆ ಅಚ್ಚನ್ನು ಹೇಗಿದೆಯೋ ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಬರೀ ಗ್ಯಾಸ್ ಜೋಡಿಸಿದರೆ ಆಗದು. ಹುಡುಗರು ಹೆದರಿದ್ದು ತಪ್ಪಲ್ಲ. ಅವರು ಹೆದರಬೇಕಾದದ್ದು ಬೆಂಕಿಗಲ್ಲ, ಅಷ್ಟೇ.

ಒಳಗಿರುವುದು ಗ್ಯಾಸೋ, ಖಾಲಿಯೋ?

ಕತ್ತರಿಸಿದಾಗ ಕಂಡ ಗುಳ್ಳೆಯನ್ನು ಎಲ್ಲರೂ 'ಗಾಳಿ ಸಿಕ್ಕಿಕೊಂಡಿದೆ' ಅಂತಾರೆ. ದಪ್ಪ ಪಿಪಿಯಲ್ಲಿ ಬಹುಪಾಲು ಅದು ಗಾಳಿಯಲ್ಲ. ಏನೂ ಇಲ್ಲದ ಜಾಗ ಅದು. ಎರಡಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಮೊದಲು ಗೊತ್ತುಮಾಡಿಕೊಳ್ಳಿ.

ಪರೀಕ್ಷೆ ಸುಲಭ. ಒಂದು ಹಿಡಿಕೆಯನ್ನು ಕತ್ತರಿಸಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ಗುರುತಿಸಿ. ಇನ್ನೊಂದು ಹಿಡಿಕೆಯಲ್ಲಿ ಅದೇ ಜಾಗವನ್ನು ಗುಳ್ಳೆ ಒಡೆಯದ ಹಾಗೆ ಮೇಲಿನಿಂದ ಕೊರೆದು ತೆಳ್ಳಗೆ ಮಾಡಿ. ಗುಳ್ಳೆಯ ಮೇಲೆ 2-3 ಮಿ.ಮೀ. ಪ್ಲಾಸ್ಟಿಕ್ ಉಳಿದರೆ ಸಾಕು. ಆಮೇಲೆ ಹಾಟ್ ಏರ್ ಗನ್‌ನಿಂದ ನಿಧಾನವಾಗಿ ಬಿಸಿ ಮಾಡಿ, ಗನ್ ಒಂದೇ ಕಡೆ ನಿಲ್ಲಿಸಬೇಡಿ. ಪ್ಲಾಸ್ಟಿಕ್ ಮೆತ್ತಗಾಗುವಾಗ ಮೇಲ್ಮೈ ಉಬ್ಬಿತೋ, ಒಳಗೆ ನಿಜವಾಗಿಯೂ ಗ್ಯಾಸ್ ಇದೆ. ಒಳಕ್ಕೆ ಕುಸಿಯಿತೋ, ಅದು ಖಾಲಿ ಜಾಗ, ನಮ್ಮವರು ವಾಯ್ಡ್ ಅನ್ನುವುದು ಇದನ್ನೇ.

ಉಬ್ಬಿದರೆ ಗ್ಯಾಸ್ ಅಸಿಸ್ಟ್ ಯೋಚನೆ ಪಕ್ಕಕ್ಕಿಡಿ. ಪಿಪಿ ತಾನಾಗಿ ನೀರು ಹೀರುವುದು ತೀರಾ ಕಮ್ಮಿ. ಆದರೆ ನೀವು ಬೆರೆಸುವ ಫಿಲ್ಲರ್ ಮಾಸ್ಟರ್‌ಬ್ಯಾಚ್ (ಭರ್ತಿ ಪುಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಮಾಡಿದ ಕಾಳು) ಅಥವಾ ಮರುಬಳಕೆಯ ಮಾಲು ಹೀರಿರಬಹುದು. ಬ್ಯಾಕ್ ಪ್ರೆಶರ್ (ಸ್ಕ್ರೂ ಹಿಂದೆ ಸರಿಯುವಾಗ ತಡೆಯುವ ಒತ್ತಡ) ಕಮ್ಮಿ ಇದ್ದರೂ, ಸಕ್ ಬ್ಯಾಕ್ (ಆಮೇಲೆ ಸ್ಕ್ರೂವನ್ನು ಇನ್ನಷ್ಟು ಹಿಂದಕ್ಕೆಳೆಯುವುದು) ಜಾಸ್ತಿ ಇದ್ದರೂ ಗಾಳಿ ಒಳಗೆ ಸೇರುತ್ತದೆ. ಒಣಗಿಸಿ, ಸೆಟ್ಟಿಂಗ್ ಸರಿಮಾಡಿ, ಮತ್ತೆ ನೋಡಿ. ನೀವು ಬರೆದ ಲಕ್ಷಣ ನೋಡಿದರೆ ಕುಸಿಯುತ್ತದೆ ಅಂತಲೇ ನನಗನ್ನಿಸುತ್ತದೆ.

ಯಾಕೆ ಖಾಲಿಯಾಗುತ್ತದೆ? 230 ಡಿಗ್ರಿಯಲ್ಲಿ ಕರಗಿದ ಒಂದು ಗ್ರಾಂ ಪಿಪಿ ಸುಮಾರು 1.33 ಘನ ಸೆಂ.ಮೀ. ಜಾಗ ಹಿಡಿಯುತ್ತದೆ. ತಣ್ಣಗಾದ ಮೇಲೆ ಅದಕ್ಕೆ 1.1 ಸಾಕು. ಅಂದರೆ ಹೆಚ್ಚುಕಮ್ಮಿ ಆರನೇ ಒಂದು ಪಾಲು ಮಾಯ. ಈ ಕೊರತೆಯನ್ನು ಎಲ್ಲಿಂದಲಾದರೂ ತುಂಬಬೇಕು. ಹೋಲ್ಡಿಂಗ್ ಪ್ರೆಶರ್ ಮಾಡುವುದು ಅದನ್ನೇ, ಗೇಟ್ ಮೂಲಕ (ಮಾಲು ಅಚ್ಚಿನ ಒಳಹೋಗುವ ಬಾಯಿ) ಇನ್ನಷ್ಟು ಮಾಲು ತುರುಕುವುದು. ಗೇಟ್ ಗಟ್ಟಿಯಾದ ಮೇಲೆ ನೀವು ಹೊರಗಿನಿಂದ ಎಷ್ಟು ಒತ್ತಿದರೂ ಒಳಗೆ ತಲುಪದು. ಆಗ ಹೊರಪದರ ಗಟ್ಟಿ, ಒಳಗೆ ಇನ್ನೂ ಬಿಸಿ. ಒಳಗಿನದು ಕುಗ್ಗುತ್ತಾ ಹೊರಪದರವನ್ನು ಎಳೆಯುತ್ತದೆ. ಪದರ ಮಣಿದರೆ ತಗ್ಗು. ಮಣಿಯದಿದ್ದರೆ ಒಳಗೆ ವಾಯ್ಡ್. ಅಚ್ಚಿಗೆ ತಣ್ಣೀರು ಜಾಸ್ತಿ ಬಿಟ್ಟು ತಗ್ಗು ಹೋಯಿತು ಎಂದು ಖುಷಿಪಡುವವರು ಹಿಡಿಕೆಯನ್ನು ಕತ್ತರಿಸಿ ನೋಡಬೇಕು. ತಗ್ಗು ಎಲ್ಲಿಗೂ ಹೋಗಿರುವುದಿಲ್ಲ, ಒಳಗೆ ಸೇರಿಕೊಂಡಿರುತ್ತದೆ.

ನಿಮ್ಮ ಹಿಡಿಕೆಯಲ್ಲಿ ಇನ್ನೊಂದು ತೊಡಕಿದೆ. ತಣ್ಣಗಾಗುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 14ನ್ನು 3ರಿಂದ ಭಾಗಿಸಿ ವರ್ಗ ಮಾಡಿ, 22ರ ಹತ್ತಿರ ಬರುತ್ತದೆ. ಪಟ್ಟಿ ಗಟ್ಟಿಯಾಗಲು ಎಷ್ಟು ಹೊತ್ತು ಬೇಕೋ, ಹಿಡಿಯ ನಡುಭಾಗಕ್ಕೆ ಅದರ ಇಪ್ಪತ್ತು ಪಟ್ಟು ಬೇಕು. ನಿಮ್ಮ ಗೇಟ್ ಆ 3 ಮಿ.ಮೀ. ಪಟ್ಟಿಯ ಮೇಲಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಪಟ್ಟಿ ಗಟ್ಟಿಯಾದ ಕ್ಷಣದಿಂದ ದಪ್ಪ ಭಾಗಕ್ಕೆ ಒಂದು ಹನಿಯೂ ಹೋಗುವುದಿಲ್ಲ. ಹೋಲ್ಡಿಂಗ್ ಪ್ರೆಶರ್ ಏರಿಸಿದಾಗ ಫ್ಲ್ಯಾಶ್ ಬರುತ್ತಿದೆ, ತಗ್ಗು ಹಾಗೇ ಇದೆ ಎಂದು ಬರೆದಿದ್ದೀರಿ. ಆಗುತ್ತಿರುವುದು ಬಹುಶಃ ಇದೇ.

ಇದನ್ನೂ ತಕ್ಕಡಿಯಲ್ಲಿ ಪರೀಕ್ಷಿಸಬಹುದು. ಹೋಲ್ಡಿಂಗ್ ಸಮಯವನ್ನು ಒಂದೊಂದೇ ಸೆಕೆಂಡ್ ಏರಿಸುತ್ತಾ ಪ್ರತಿ ಹಿಡಿಕೆಯನ್ನು ತೂಗಿ. ರನ್ನರ್ (ಗೇಟ್ ತನಕದ ಕಾಲುವೆಯಲ್ಲಿ ಗಟ್ಟಿಯಾದ ಪ್ಲಾಸ್ಟಿಕ್) ಬಿಡಿಸಿ ತೂಗಬೇಕು. ತೂಕ ಏರುವುದು ಎಲ್ಲಿ ನಿಂತಿತೋ ಅಲ್ಲಿ ಗೇಟ್ ಮುಚ್ಚಿತು ಎಂದರ್ಥ. ಅದು ಬಹಳ ಬೇಗ ನಿಂತರೆ ಗೇಟನ್ನು ದಪ್ಪ ಭಾಗಕ್ಕೆ ಸರಿಸುವುದು, ದೊಡ್ಡದು ಮಾಡುವುದು, ಇವೇ ಮೊದಲ ಕೆಲಸ. 14 ಮಿ.ಮೀ.ಗೆ ಅದರಿಂದ ಪೂರ್ತಿ ಪರಿಹಾರ ಸಿಗದು. ಆದರೆ ತಗ್ಗು ಗಣನೀಯವಾಗಿ ಇಳಿಯುತ್ತದೆ.

ಗ್ಯಾಸ್ ಇಲ್ಲದೆಯೇ ಮುಗಿಯುತ್ತಾ?

ಹಿಡಿಕೆಯ ಕೆಳಭಾಗ ಕಣ್ಣಿಗೆ ಬೀಳುವುದಿಲ್ಲ ಅಂತಾದರೆ ಇನ್ನೊಂದು ದಾರಿಯಿದೆ. ಕೆಳಗಿನಿಂದ ಕೋರ್ (ಅಚ್ಚಿನೊಳಗೆ ಚಾಚುವ ಭಾಗ) ಕೊಟ್ಟು ಒಳಗನ್ನು ಖಾಲಿ ಮಾಡಿ, 3 ಮಿ.ಮೀ. ಗೋಡೆ ಉಳಿಸಿ, ಬಲಕ್ಕೆ ಅಡ್ಡ ರಿಬ್ (ತೆಳು ಅಡ್ಡಗೋಡೆ) ಹಾಕುವುದು. ರಿಬ್ ದಪ್ಪ ಗೋಡೆಯ ಅರ್ಧದ ಆಸುಪಾಸು ಇರಲಿ, ಇಲ್ಲದಿದ್ದರೆ ರಿಬ್ ಬುಡದಲ್ಲೇ ಹೊಸ ತಗ್ಗು ಶುರುವಾಗುತ್ತದೆ. ಒಂದು ಸಲ ಅಚ್ಚು ತಿದ್ದಿದರೆ ಆಯಿತು. ದಿನಾ ಗ್ಯಾಸ್ ಖರ್ಚಿಲ್ಲ, ಹೊಸ ಉಪಕರಣವಿಲ್ಲ, ಹೊಸ ಅಪಾಯವೂ ಇಲ್ಲ. ಕೈಗೆ ರಿಬ್ ಒತ್ತುತ್ತದೆ, ಕೊಳೆ ಕೂರುತ್ತದೆ ಅನ್ನುವ ತಕರಾರು ಗ್ರಾಹಕರಿಂದ ಬರಬಹುದು. ಹಿಡಿ ಎಲ್ಲ ಕಡೆಯೂ ಗುಂಡಗೆ, ನುಣುಪಾಗಿಯೇ ಬೇಕು ಅಂದರೆ ಆಗ ನೈಟ್ರೋಜನ್ ಮಾತಿಗೆ ಬರೋಣ.

ನೈಟ್ರೋಜನ್ ಒಳಗೆ ಮಾಡುವುದೇನು?

'ಗುಳ್ಳೆ ಇರುವಾಗ ಇನ್ನಷ್ಟು ಗ್ಯಾಸ್ ಯಾಕೆ' ಅನ್ನುವ ನಿಮ್ಮ ಅನುಮಾನ ಸಹಜ. ನಿಮ್ಮ ಈಗಿನ ಗುಳ್ಳೆ ಒಳಕ್ಕೆ ಎಳೆಯುತ್ತದೆ. ನೈಟ್ರೋಜನ್ ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಎಲ್ಲವೂ ಇದರಲ್ಲೇ ಇದೆ.

ಅಚ್ಚನ್ನು ಪೂರ್ತಿ ತುಂಬುವುದಿಲ್ಲ. ಮುಕ್ಕಾಲು ಭಾಗ ಅಥವಾ ಸ್ವಲ್ಪ ಜಾಸ್ತಿ ಮಾಲು ಬಿಟ್ಟು ನಿಲ್ಲಿಸುತ್ತಾರೆ. ಒಂದೆರಡು ಸೆಕೆಂಡಿನೊಳಗೆ ನಾಝಲ್ ಮೂಲಕ ಅಥವಾ ಅಚ್ಚಿನಲ್ಲಿ ಕೂರಿಸಿದ ಗ್ಯಾಸ್ ಪಿನ್ ಮೂಲಕ ನೈಟ್ರೋಜನ್ ಹೋಗುತ್ತದೆ. ಇಂಥ ಹಿಡಿಕೆಗೆ ಒತ್ತಡ ಸಾಮಾನ್ಯವಾಗಿ 50ರಿಂದ 150 ಬಾರ್. ಗ್ಯಾಸ್ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಅತಿ ಬಿಸಿ, ಅತಿ ಮೆತ್ತಗೆ ಇರುವುದು ದಪ್ಪ ಭಾಗದ ನಡುಮಧ್ಯ. ಅಲ್ಲಿ ನುಗ್ಗಿ, ಆ ಮಾಲನ್ನು ಮುಂದಕ್ಕೆ ತಳ್ಳಿ, ಖಾಲಿ ತುದಿಯನ್ನು ತುಂಬುತ್ತದೆ. ಆಮೇಲೆ ಅದೇ ಒತ್ತಡದಲ್ಲಿ ನಿಂತು, ಗೋಡೆಯನ್ನು ಒಳಗಿನಿಂದ ಅಚ್ಚಿಗೆ ಒತ್ತಿ ಹಿಡಿಯುತ್ತದೆ. ಗೇಟ್ ಮುಚ್ಚಿದರೂ ಚಿಂತೆಯಿಲ್ಲ, ಒತ್ತಡ ಈಗ ಒಳಗೇ ಇದೆ. ಪ್ಲಾಸ್ಟಿಕ್ ಗಟ್ಟಿಯಾದ ಮೇಲೆ, ಅಚ್ಚು ತೆರೆಯುವ ಮೊದಲು, ಗ್ಯಾಸನ್ನು ಹೊರಕ್ಕೆ ಬಿಡಬೇಕು.

ಹೀಗೆ ತಯಾರಾದ 14 ಮಿ.ಮೀ. ಹಿಡಿಯನ್ನು ಅಡ್ಡಕ್ಕೆ ಕತ್ತರಿಸಿದರೆ ನಡುವೆ ಎಂಟೊಂಬತ್ತು ಮಿ.ಮೀ. ತೂತು, ಸುತ್ತ ಸುಮಾರು 3 ಮಿ.ಮೀ. ಗೋಡೆ ಸಿಗುತ್ತದೆ. ಹಿಡಿ ಭಾಗದ ಮಾಲಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಉಳಿತಾಯವಾಯಿತು ಅಲ್ವಾ? ಸೈಕಲ್ ಕೂಡ ಇಳಿಯುತ್ತದೆ. ಗೋಡೆ ಒಂದೇ ಕಡೆಯಿಂದ ತಣ್ಣಗಾಗುವುದರಿಂದ ಅದನ್ನು 6 ಮಿ.ಮೀ. ಎಂದು ಲೆಕ್ಕ ಹಾಕಿ. 14ಕ್ಕೆ ಹೋಲಿಸಿದರೆ ಕೂಲಿಂಗ್ ಐದನೇ ಒಂದು ಭಾಗಕ್ಕೆ ಬರುತ್ತದೆ. ಅದು ಕಾಗದದ ಮೇಲಿನ ಲೆಕ್ಕ. ಗ್ಯಾಸ್ ಹಿಡಿದಿಡುವ ಸಮಯ, ಹೊರಬಿಡುವ ಸಮಯ ಸೇರಿದರೆ ಅಷ್ಟು ಸಿಗುವುದಿಲ್ಲ. ಆದರೂ ಉಳಿತಾಯ ನಿಜ. ಮಾರುವವರು ಹೇಳಿದ್ದರಲ್ಲಿ ಈ ಭಾಗ ಸುಳ್ಳಲ್ಲ.

ಅವರು ಹೇಳದೇ ಬಿಟ್ಟಿದ್ದು ಬೇರೆ. ಗ್ಯಾಸ್ ಹಿಡಿಯಿಂದ ಆಚೆಗೂ ದಾರಿ ಹುಡುಕುತ್ತದೆ. ಪಟ್ಟಿ ಇನ್ನೂ ಬಿಸಿ ಇರುವಾಗಲೇ ಗ್ಯಾಸ್ ಬಿಟ್ಟರೆ ಅದು 3 ಮಿ.ಮೀ. ಗೋಡೆಯೊಳಗೂ ಮರದ ಬೇರಿನಂತೆ ಕವಲೊಡೆದು ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೆಳಕಿಗೆ ಹಿಡಿದರೆ, ಅದೂ ಬಣ್ಣವಿಲ್ಲದ ಪಿಪಿಯಾದರೆ, ಗೆರೆಗಳು ಕಾಣುತ್ತವೆ. ಹಿಡಿಕೆ ಮುರಿಯುವುದು ಅಲ್ಲೇ. ತಡವಾಗಿ ಬಿಟ್ಟರೆ ಮಾಲು ನಿಂತ ಜಾಗದಲ್ಲಿ ಮೇಲ್ಮೈಗೆ ಒಂದು ಮಂಕು ಪಟ್ಟೆ ಬೀಳುತ್ತದೆ, ಅದನ್ನು ಗ್ರಾಹಕ ಒಪ್ಪುವುದಿಲ್ಲ. ಮಾಲು ಕಮ್ಮಿ ಬಿಟ್ಟರೆ ಗ್ಯಾಸ್ ತುದಿಯನ್ನೇ ಒಡೆದು ಹೊರಗೆ ಬರುತ್ತದೆ. ಜಾಸ್ತಿ ಬಿಟ್ಟರೆ ತುದಿಯವರೆಗೆ ಹೋಗದೆ ಅರ್ಧಕ್ಕೇ ನಿಲ್ಲುತ್ತದೆ, ಉಳಿದರ್ಧದಲ್ಲಿ ಹಳೆಯ ತಗ್ಗೇ. ಶಾಟ್‌ನಿಂದ ಶಾಟ್‌ಗೆ (ಒಂದು ಸಲ ಬಿಡುವ ಮಾಲು ಒಂದು ಶಾಟ್) ತೂಕ ಒಂದೇ ಇರಬೇಕು. ನಿಮ್ಮ ಮಶೀನಿನ ಚೆಕ್ ರಿಂಗ್ (ಮಾಲು ಹಿಂದಕ್ಕೆ ಹರಿಯದಂತೆ ತಡೆಯುವ ಉಂಗುರ) ಸವೆದು, ಕುಶನ್ (ಒತ್ತಿದ ಮೇಲೆ ಸ್ಕ್ರೂ ಮುಂದೆ ಉಳಿಯುವ ಮಾಲು) ಒಂದು ಸಲ ಇಷ್ಟು, ಇನ್ನೊಂದು ಸಲ ಅಷ್ಟು ಬರುತ್ತಿದ್ದರೆ ಮೊದಲು ಅದನ್ನು ಬದಲಿಸಿ. ಸವೆದ ಮಶೀನಿಗೆ ಗ್ಯಾಸ್ ಅಸಿಸ್ಟ್ ಜೋಡಿಸುವುದು ಸುಮ್ನೆ ತಲೆನೋವು.

ಮಾಲಿನ ಗ್ರೇಡ್ ಕೂಡ ಮುಖ್ಯ. ತೀರಾ ನೀರಾಗಿ ಹರಿಯುವ, ಎಂಎಫ್‌ಐ (ಹರಿಯುವ ಗುಣದ ಅಳತೆ) ಜಾಸ್ತಿ ಇರುವ ಪಿಪಿಯಲ್ಲಿ ಗ್ಯಾಸ್ ಸುಲಭವಾಗಿ ದಾರಿ ತಪ್ಪುತ್ತದೆ. (ಅಂದಹಾಗೆ, ಪಿಪಿ ತಯಾರಾಗುವ ರಿಯಾಕ್ಟರ್‌ನಲ್ಲಿ ಅಣುಗಳ ಸರಪಳಿ ಎಷ್ಟು ಉದ್ದ ಬೆಳೆಯಬೇಕು ಅನ್ನುವುದನ್ನು ಹತೋಟಿಯಲ್ಲಿಡುವುದೂ ಒಂದು ಗ್ಯಾಸೇ, ಹೈಡ್ರೋಜನ್. ಅದನ್ನು ಜಾಸ್ತಿ ಕೊಟ್ಟರೆ ಸರಪಳಿ ಗಿಡ್ಡ, ಎಂಎಫ್‌ಐ ಜಾಸ್ತಿ. ಪ್ರೊಪಿಲೀನ್ ಕೂಡ ಗ್ಯಾಸೇ. ಹೀಗೆ ನೋಡಿದರೆ ನಿಮ್ಮ ಚೀಲದಲ್ಲಿರುವ ದಾಣಾ (ಪ್ಲಾಸ್ಟಿಕ್ ಕಾಳು) ಹುಟ್ಟಿದ್ದೇ ಗ್ಯಾಸಿನಿಂದ.)

ಕಂಪ್ರೆಸರ್ ಗಾಳಿ ಯಾಕೆ ಬೇಡ?

ಗಾಳಿಯಲ್ಲಿ ಶೇ. 78 ನೈಟ್ರೋಜನ್ ಇರುವುದು ನಿಜ. ತೊಂದರೆ ಕೊಡುವುದು ಉಳಿದ ಶೇ. 21 ಆಮ್ಲಜನಕ. ಗಾಳಿಯನ್ನು 100 ಬಾರ್‌ಗೆ ಒತ್ತಿದರೆ ಅದರಲ್ಲಿರುವ ಆಮ್ಲಜನಕದ ಪಾಲೇ 21 ಬಾರ್. ನಾವು ಉಸಿರಾಡುವ ಗಾಳಿಯಲ್ಲಿ ಅದು 0.21 ಬಾರ್. ನೂರು ಪಟ್ಟು ಗಟ್ಟಿ ಆಮ್ಲಜನಕವನ್ನು 230 ಡಿಗ್ರಿಯ ಕರಗಿದ ಪಿಪಿಯೊಳಗೆ ಬಿಟ್ಟ ಹಾಗಾಯಿತು. ಪಿಪಿ ಆಮ್ಲಜನಕಕ್ಕೆ ಬೇಗ ಸೋಲುವ ಪ್ಲಾಸ್ಟಿಕ್. ಒಳಗೋಡೆ ಹಳದಿ, ಕಂದು ಬಣ್ಣಕ್ಕೆ ತಿರುಗುತ್ತದೆ, ಸರಪಳಿ ತುಂಡಾಗಿ ಪೆಡಸಾಗುತ್ತದೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಗಾಳಿ ತಟ್ಟನೆ ಒತ್ತಿಕೊಂಡಾಗ ಬಿಸಿಯೇರಿ ಪ್ಲಾಸ್ಟಿಕ್ ಹೊತ್ತಿಕೊಳ್ಳಬಹುದು. ಇದರ ಸಣ್ಣ ರೂಪವನ್ನು ನೀವು ನೋಡಿಯೇ ಇರುತ್ತೀರಿ. ಅಚ್ಚಿನಲ್ಲಿ ವೆಂಟ್ (ಗಾಳಿ ಹೊರಹೋಗುವ ಸಂದಿ) ಕಟ್ಟಿಕೊಂಡಾಗ ಕೊನೆಗೆ ತುಂಬುವ ಮೂಲೆ ಸುಟ್ಟು ಕಪ್ಪಾಗುತ್ತದಲ್ಲ, ಡೀಸೆಲ್ ಎಂಜಿನ್ನಿನೊಳಗೆ ನಡೆಯುವುದೂ ಅದೇ. ಅದಕ್ಕೆ ಮದ್ದು ನೈಟ್ರೋಜನ್ ಅಲ್ಲ, ವೆಂಟ್ ಸ್ವಚ್ಛ ಮಾಡುವುದು. ಇದನ್ನೂ ಯಾರಾದರೂ ಗ್ಯಾಸ್ ಮಾರುವ ನೆಪ ಮಾಡಿಕೊಂಡರೆ ನಂಬಬೇಡಿ. ಕಂಪ್ರೆಸರ್‌ನಿಂದ ಎಣ್ಣೆಯ ಆವಿ ಬೇರೆ ಬರುತ್ತದೆ. ಎಣ್ಣೆ ಮತ್ತು ಒತ್ತಡದ ಆಮ್ಲಜನಕ ಸೇರಬಾರದ ಜೋಡಿ.

'ಬಾಟಲಿ ಊದುವವರು ಗಾಳಿಯನ್ನೇ ಬಳಸುತ್ತಾರಲ್ಲ' ಎಂದು ನೀವು ಕೇಳಬಹುದು. ಹೌದು, ಪೆಟ್ ಬಾಟಲಿಗೆ 40 ಬಾರ್‌ವರೆಗೂ ಗಾಳಿ ಕೊಡುತ್ತಾರೆ. ಅಲ್ಲಿ ಪ್ರಿಫಾರ್ಮ್ (ಊದುವ ಮೊದಲಿನ ದಪ್ಪ ಕೊಳವೆ) ಇರುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಅದು ಮೆತ್ತಗಾಗಿರುತ್ತದೆ, ಕರಗಿರುವುದಿಲ್ಲ. ಎಚ್‌ಡಿಪಿಇ ಕ್ಯಾನ್ ಊದುವಾಗ ಮಾಲು ಕರಗಿರುತ್ತದೆ, ಆದರೆ ಗಾಳಿಯ ಒತ್ತಡ ಹತ್ತು ಬಾರ್ ದಾಟುವುದು ಅಪರೂಪ. ನಿಮ್ಮಲ್ಲಿ ಬಿಸಿ, ಒತ್ತಡ ಎರಡೂ ಒಟ್ಟಿಗೆ ಬರುತ್ತವೆ.

ಒತ್ತಡದಲ್ಲಿ ಚೂರು ಆಮ್ಲಜನಕ ಏನು ಮಾಡಬಲ್ಲದು ಅನ್ನುವುದಕ್ಕೆ ನಮ್ಮ ಉದ್ಯಮದ ಇತಿಹಾಸದಲ್ಲೇ ಸಾಕ್ಷಿ ಇದೆ. 1933ರಲ್ಲಿ ಇಂಗ್ಲೆಂಡಿನ ಐಸಿಐ ಎಂಬ ರಾಸಾಯನಿಕ ಕಂಪನಿಯ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಭಾರಿ ಒತ್ತಡದಲ್ಲಿ ಎಥಿಲೀನ್ ಇಟ್ಟು ಬೇರೇನೋ ಹುಡುಕುತ್ತಿದ್ದರು. ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಸಿಕ್ಕಿತು. ಮತ್ತೆ ಮಾಡಲು ಹೋದರೆ ನೆಟ್ಟಗೆ ಬರಲಿಲ್ಲ. 1935ರಲ್ಲಿ ಪುನಃ ಪ್ರಯತ್ನಿಸಿದಾಗ ಪಾತ್ರೆ ಸೋರಿತು, ಹೊಸದಾಗಿ ಎಥಿಲೀನ್ ತುಂಬಿದರು. ಅದರಲ್ಲಿ ಸೇರಿಕೊಂಡಿದ್ದ ಚೂರು ಆಮ್ಲಜನಕವೇ ಕ್ರಿಯೆಯನ್ನು ಶುರು ಮಾಡಿತ್ತು. ಪಾಲಿಥೀನ್ ನಮ್ಮ ಕೈಗೆ ಬಂದದ್ದು ಹಾಗೆ. ಸರಪಳಿ ಕಟ್ಟಲು ಬಲ್ಲ ಆಮ್ಲಜನಕ ಕಟ್ಟಿದ ಸರಪಳಿಯನ್ನು ಕಡಿಯಲೂ ಬಲ್ಲದು.

ಸಿಲಿಂಡರೋ, ಜನರೇಟರೋ?

ಇಲ್ಲಿ ಎಲ್ಲರೂ ಎಡವುವ ಒಂದು ಲೆಕ್ಕ ಇದೆ. 50 ಲೀಟರ್ ಸಿಲಿಂಡರ್, 200 ಬಾರ್. ಒಳಗೆ ಸುಮಾರು 10,000 ಲೀಟರ್ ಗ್ಯಾಸ್. ನಿಮ್ಮ ಹಿಡಿಯಲ್ಲಿ 10 ಮಿ.ಲೀ. ತೂತಿದೆ, ಒತ್ತಡ 150 ಬಾರ್ ಅಂದುಕೊಳ್ಳಿ. ಒಂದು ಹಿಡಿಕೆಗೆ ಒಂದೂವರೆ ಲೀಟರ್ ಆಯಿತು. ಪೈಪಿನಲ್ಲಿ ಹೋಗುವುದು, ಹೊರಬಿಡುವುದು ಎಲ್ಲ ಸೇರಿ 3 ಲೀಟರ್ ಅನ್ನೋಣ. ಮೂರು ಸಾವಿರಕ್ಕೂ ಜಾಸ್ತಿ ಹಿಡಿಕೆ ಬರಬೇಕು ಅನ್ನಿಸುತ್ತದೆ. ಬರುವುದಿಲ್ಲ. ನಿಮಗೆ 150 ಬಾರ್ ಬೇಕು. ಸಿಲಿಂಡರ್ 200ರಿಂದ 150ಕ್ಕೆ ಇಳಿದ ಕೂಡಲೇ ನಿಮ್ಮ ಪಾಲಿಗೆ ಅದು ಖಾಲಿ. ಬಳಕೆಗೆ ಸಿಕ್ಕಿದ್ದು ಕಾಲು ಭಾಗ, ಎಂಟುನೂರು ಚಿಲ್ಲರೆ ಹಿಡಿಕೆ. ಉಳಿದ ಮುಕ್ಕಾಲನ್ನು ಹಾಗೇ ವಾಪಸ್ ಕಳಿಸುತ್ತೀರಿ. ಬೂಸ್ಟರ್ (ಗ್ಯಾಸಿನ ಒತ್ತಡ ಏರಿಸುವ ಪಂಪ್) ಇಟ್ಟರೆ ಮಾತ್ರ ಆ ಉಳಿದ ಗ್ಯಾಸ್ ಕೈಗೆ ಬರುತ್ತದೆ.

ಜನರೇಟರ್ ಅಂದರೆ ಸಾಮಾನ್ಯವಾಗಿ ಪಿಎಸ್‌ಎ. ಅಂದರೆ ಒತ್ತಡ ಏರಿಳಿಸಿ ಗ್ಯಾಸ್ ಬೇರ್ಪಡಿಸುವ ಯಂತ್ರ. ಒಂದು ಜಾತಿಯ ಇದ್ದಿಲಿನ ಜರಡಿ ಗಾಳಿಯಲ್ಲಿನ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ನೈಟ್ರೋಜನ್ ಮುಂದಕ್ಕೆ ಬಿಡುತ್ತದೆ. ಮೆಂಬ್ರೇನ್ (ಪೊರೆ) ಬಗೆಯದೂ ಇದೆ, ಸರಳ, ಆದರೆ ಶುದ್ಧತೆ ಕಮ್ಮಿ. ಎರಡರಿಂದಲೂ ಹೊರಬರುವ ಒತ್ತಡ ಬರೀ ಏಳೆಂಟು ಬಾರ್. ಹಾಗಾಗಿ ಬೂಸ್ಟರ್ ಇಲ್ಲೂ ಬೇಕೇ ಬೇಕು. 'ಜನರೇಟರ್ ತಗೊಂಡರೆ ಆಯ್ತು' ಅನ್ನುವ ಕೊಟೇಶನ್‌ನಲ್ಲಿ ಬೂಸ್ಟರ್ ಸೇರಿದೆಯೇ ನೋಡಿಕೊಳ್ಳಿ. ಶುದ್ಧತೆ ಶೇ. 98ರಲ್ಲೂ ಕೆಲಸ ನಡೆಸುವವರಿದ್ದಾರೆ. ಆದರೆ 150 ಬಾರ್‌ನಲ್ಲಿ ಉಳಿದ ಆ ಶೇ. 2 ಅಂದರೆ 3 ಬಾರ್ ಆಮ್ಲಜನಕ. ಶೇ. 99ಕ್ಕಿಂತ ಕೆಳಗೆ ಇಳಿಯಬೇಡಿ ಅನ್ನುವುದು ನನ್ನ ಸಲಹೆ. ಶುದ್ಧತೆ ಏರಿಸುತ್ತಾ ಹೋದ ಹಾಗೆ ಅದೇ ಯಂತ್ರದಿಂದ ಬರುವ ಗ್ಯಾಸ್ ಕಮ್ಮಿಯಾಗುತ್ತದೆ. ಸುಮ್ನೆ 99.999 ಕೇಳಿ ದುಡ್ಡು ಕಳೆಯುವುದೂ ಬೇಡ.

ಟ್ರಯಲ್‌ಗೆ ಸಿಲಿಂಡರ್ ಸಾಕು. ದಿನವಿಡೀ, ವರ್ಷವಿಡೀ ಈ ಹಿಡಿಕೆ ಓಡುತ್ತದೆ ಅನ್ನುವುದು ಖಚಿತವಾದ ಮೇಲೆ ಜನರೇಟರ್ ಯೋಚಿಸಿ.

ಕಾರ್ಬನ್ ಡೈಆಕ್ಸೈಡ್ ಮತ್ತು ಪೌಡರ್

ಕಾರ್ಬನ್ ಡೈಆಕ್ಸೈಡ್ ನಿಮ್ಮ ಕೆಲಸಕ್ಕೆ ಒಗ್ಗುವುದಿಲ್ಲ. ಅದು 20 ಡಿಗ್ರಿಯಲ್ಲಿ ಸಿಲಿಂಡರ್‌ನೊಳಗೆ ದ್ರವವಾಗಿ 57 ಬಾರ್ ಆಸುಪಾಸಿನಲ್ಲಿರುತ್ತದೆ. ಕರಗಿದ ಪ್ಲಾಸ್ಟಿಕ್‌ನಲ್ಲಿ ನೈಟ್ರೋಜನ್‌ಗಿಂತ ಎಷ್ಟೋ ಜಾಸ್ತಿ ಕರಗುತ್ತದೆ. ಒತ್ತಡ ಇಳಿಸಿದಾಗ ಒಳಗೋಡೆ ನೊರೆಗಟ್ಟುತ್ತದೆ. ನೊರೆಯೇ ಬೇಕಾದ ಕಡೆ ಈ ಗುಣ ವರ. ಪ್ಲಾಸ್ಟಿಕ್ ಫೋಮ್ ಹಲಗೆಗಳಲ್ಲಿ ಅದಕ್ಕೆ ಒಳ್ಳೆಯ ಜಾಗವಿದೆ. 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ನಾಮ್ ಸು ಅವರ ತಂಡ ಶುರು ಮಾಡಿದ ಮೈಕ್ರೋಸೆಲ್ಯುಲಾರ್ ವಿಧಾನವೂ ಹೀಗೇ. ಬ್ಯಾರೆಲ್‌ನೊಳಗೇ (ಯಂತ್ರದಲ್ಲಿ ಮಾಲು ಕರಗುವ ಕೊಳವೆ) ನೈಟ್ರೋಜನ್ ಅಥವಾ ಕಾರ್ಬನ್ ಡೈಆಕ್ಸೈಡನ್ನು ಮಾಲಿನಲ್ಲಿ ಕರಗಿಸಿ, ಅಚ್ಚಿನಲ್ಲಿ ಕೂದಲೆಳೆಗಿಂತ ಸಣ್ಣ ಗುಳ್ಳೆ ಬರಿಸುತ್ತಾರೆ. ತಗ್ಗು ಚೆನ್ನಾಗಿ ಹೋಗುತ್ತದೆ. ಮೇಲ್ಮೈ ಮೇಲೆ ಬೆಳ್ಳಿಯ ಸುಳಿಗಳು ಬರುತ್ತವೆ, ಸ್ಕ್ರೂ ಬ್ಯಾರೆಲ್ ಬದಲಿಸಬೇಕು. ಒಂದು ಹಿಡಿಕೆಗಾಗಿ ಅಷ್ಟು ದೂರ ಹೋಗುವುದು ಬೇಡ.

ಪೌಡರ್ ಹೇಳಿದವರ ಮಾತನ್ನು ಮಾತ್ರ ತಳ್ಳಿಹಾಕಬೇಡಿ. ಅದೂ ಗ್ಯಾಸೇ, ಬ್ಯಾರೆಲ್‌ನಲ್ಲಿ ಹುಟ್ಟುತ್ತದೆ ಅಷ್ಟೇ. ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲದ ಬಗೆಯದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಕೊಡುತ್ತದೆ. ಅಝೋಡೈಕಾರ್ಬನಮೈಡ್ ಬಗೆಯದು ಹೆಚ್ಚಾಗಿ ನೈಟ್ರೋಜನ್ ಕೊಡುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್, ಸ್ವಲ್ಪ ಅಮೋನಿಯಾ ಕೂಡ. ಅದರ ಧೂಳು ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು. ಯುರೋಪಿಯನ್ ಒಕ್ಕೂಟ 2012ರಲ್ಲೇ ಅದನ್ನು ತೀವ್ರ ಕಾಳಜಿಯ ರಾಸಾಯನಿಕಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ಪುಡಿ ಬೇಡ. ಸೋಡಾ ಬಗೆಯ ಮಾಸ್ಟರ್‌ಬ್ಯಾಚ್ ದಾಣಾ ತಗೊಂಡು ಶೇ. 1ರ ಆಸುಪಾಸಿನಿಂದ ಶುರು ಮಾಡಿ. ಬೆಳಿಗ್ಗೆ ಬೆರೆಸಿದರೆ ಮಧ್ಯಾಹ್ನಕ್ಕೆ ಫಲಿತಾಂಶ ಗೊತ್ತಾಗುತ್ತದೆ, ಅಚ್ಚು ಮುಟ್ಟಬೇಕಿಲ್ಲ. ಸಣ್ಣ ತಗ್ಗು ಇದರಿಂದಲೇ ಮುಚ್ಚುವುದುಂಟು. ಮೇಲ್ಮೈಯಲ್ಲಿ ಸ್ವಲ್ಪ ಗೆರೆ ಬರುತ್ತದೆ, ಬಲವೂ ಸ್ವಲ್ಪ ಇಳಿಯುತ್ತದೆ. ಭಾರ ಎತ್ತುವ ಹಿಡಿಕೆಯಾದರೆ ಎಳೆದು, ಬೀಳಿಸಿ ಪರೀಕ್ಷೆ ಮಾಡದೆ ಸಾಗಿಸಬೇಡಿ. 14 ಮಿ.ಮೀ. ಪೂರ್ತಿ ಸರಿಹೋಗುತ್ತದೆ ಅನ್ನುವ ಭರವಸೆ ನನಗಿಲ್ಲ.

ಹುಡುಗರ ಹೆದರಿಕೆ

ನೈಟ್ರೋಜನ್ ಉರಿಯುವುದಿಲ್ಲ, ಉರಿಸುವುದೂ ಇಲ್ಲ. ಬೆಂಕಿಯ ಭಯವನ್ನು ಪಕ್ಕಕ್ಕಿಡಿ. ಫೋಮ್ ಶೀಟ್ ಮಾಡುವವರು ಬಳಸುವ ಐಸೋಬ್ಯೂಟೇನ್, ಥರ್ಮೋಕೋಲ್ ದಾಣಾದಲ್ಲಿರುವ ಪೆಂಟೇನ್, ಇವುಗಳ ಮಾತು ಬೇರೆ. ಗಾಳಿಯಲ್ಲಿ ಶೇ. 2ಕ್ಕಿಂತ ಕಮ್ಮಿ ಬೆರೆತರೂ ಹೊತ್ತಿಕೊಳ್ಳುತ್ತವೆ. ನಿಮ್ಮ ಹುಡುಗರು ಕೇಳಿದ ಬೆಂಕಿಯ ಕಥೆಗಳು ಬಹುಶಃ ಆ ಕಡೆಯವು.

ನೈಟ್ರೋಜನ್ ಕೊಲ್ಲುವ ರೀತಿ ಬೇರೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಉಸಿರುಗಟ್ಟಿದಾಗ ನಮಗಾಗುವ ಸಂಕಟ ಆಮ್ಲಜನಕ ಕಮ್ಮಿಯಾಗಿದ್ದರಿಂದ ಬರುವುದಲ್ಲ, ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿದ್ದರಿಂದ. ಬರೀ ನೈಟ್ರೋಜನ್ ಉಸಿರಾಡುವಾಗ ಕಾರ್ಬನ್ ಡೈಆಕ್ಸೈಡ್ ಎಂದಿನಂತೆ ಹೊರಹೋಗುತ್ತಿರುತ್ತದೆ. ಹಾಗಾಗಿ ಸಂಕಟವೇ ಗೊತ್ತಾಗುವುದಿಲ್ಲ. ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ 1992ರಿಂದ 2002ರವರೆಗಿನ ನೈಟ್ರೋಜನ್ ಅಪಘಾತಗಳನ್ನು ಒಟ್ಟುಗೂಡಿಸಿದಾಗ 85 ಘಟನೆಗಳಲ್ಲಿ 80 ಜನ ಸತ್ತಿದ್ದರು. ಅವರಲ್ಲಿ ಬಿದ್ದವರನ್ನು ಎತ್ತಲು ಹೋದವರೂ ಇದ್ದರು.

ಯಂತ್ರದ ಪಕ್ಕ, ತೆರೆದ ಶೆಡ್ಡಿನಲ್ಲಿ, ಒಂದೊಂದು ಶಾಟ್‌ಗೆ ಹೊರಬರುವ 3 ಲೀಟರ್‌ನಿಂದ ಏನೂ ಆಗದು. ಅಪಾಯ ಇರುವುದು ಸಿಲಿಂಡರ್ ಇಟ್ಟ ಪುಟ್ಟ ಕೋಣೆಯಲ್ಲಿ. 4 ಮೀಟರ್ ಉದ್ದ, 3 ಅಗಲ, 3 ಎತ್ತರದ ಮುಚ್ಚಿದ ಕೋಣೆಯಲ್ಲಿ ರಾತ್ರಿ ಒಂದು ಸಿಲಿಂಡರ್ ಪೂರ್ತಿ ಸೋರಿದರೆ ಅಲ್ಲಿನ ಆಮ್ಲಜನಕ ಶೇ. 16ರ ಹತ್ತಿರಕ್ಕೆ ಇಳಿಯುತ್ತದೆ. ಶೇ. 19.5ಕ್ಕಿಂತ ಕೆಳಗೆ ಹೋದರೆ ಅಪಾಯ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಹೇಳುತ್ತದೆ. ಶೇ. 16ರಲ್ಲಿ ತಲೆ ಮಂಕಾಗುತ್ತದೆ, ಎರಡು ಸಿಲಿಂಡರ್ ಸೋರಿದರೆ ಇನ್ನೂ ಕೆಟ್ಟದು. ಸಿಲಿಂಡರ್‌ಗಳನ್ನು ಹೊರಗೆ, ನೆರಳಿನಲ್ಲಿ, ಸರಪಳಿ ಹಾಕಿ ನಿಲ್ಲಿಸಿ. ಒಳಗೇ ಇಡಬೇಕಾದರೆ ಆಮ್ಲಜನಕ ಅಲಾರಂ ಹಾಕಿಸಿ. ಅದರ ಡಿಸ್‌ಪ್ಲೇ ಬಾಗಿಲ ಹೊರಗಿರಲಿ, ಒಳಹೊಕ್ಕ ಮೇಲೆ ಓದಿ ಪ್ರಯೋಜನವಿಲ್ಲ. ಗ್ಯಾಸ್ ಹೊರಬಿಡುವ ಪೈಪ್ ಗೋಡೆಯಾಚೆಗೆ ಹೋಗಲಿ. ಪಿಟ್ ಅಥವಾ ಟ್ಯಾಂಕಿನೊಳಗೆ ಯಾರಾದರೂ ಬಿದ್ದಿದ್ದರೆ ಹಿಂದೆಯೇ ಇಳಿಯಬಾರದು. ಇದನ್ನು ಹುಡುಗರಿಗೆ ಬಾಯಿಪಾಠ ಆಗುವಷ್ಟು ಸಲ ಹೇಳಿ.

ಎರಡನೆಯ ಅಪಾಯ ಒತ್ತಡದ್ದು. ಒಂದು ಘಟಕದಲ್ಲಿ ಗ್ಯಾಸ್ ಪಿನ್ ಕಟ್ಟಿಕೊಂಡು ಒಳಗಿನ ಒತ್ತಡ ಇಳಿದೇ ಇರಲಿಲ್ಲ. ಟೈಮರ್ ಪ್ರಕಾರ ಅಚ್ಚು ತೆರೆಯಿತು. ಹಿಡಿಕೆ ಉದ್ದಕ್ಕೆ ಸೀಳಿ, ಚೂರು ಗಾರ್ಡ್ ಬಾಗಿಲಿಗೆ ಬಡಿಯಿತು. ಬಾಗಿಲು ಮುಚ್ಚಿದ್ದರಿಂದ ಕಣ್ಣು ಉಳಿಯಿತು. ಪ್ಲಾಸ್ಟಿಕ್‌ನಿಂದ ಬರುವ ಆವಿ ಗ್ಯಾಸ್ ಜೊತೆ ಹೊರಬಂದು ಪಿನ್‌ನಲ್ಲಿ, ವಾಲ್ವ್‌ನಲ್ಲಿ ಅಂಟಾಗಿ ಕೂರುತ್ತದೆ. ಹಾಗಾಗಿ ಪಿನ್ ಸ್ವಚ್ಛ ಮಾಡುವುದು ವಾರದ ಪಟ್ಟಿಯಲ್ಲಿ ಇರಲೇಬೇಕು. ಒತ್ತಡ ಸೊನ್ನೆಗೆ ಇಳಿಯದೆ ಅಚ್ಚು ತೆರೆಯದ ಇಂಟರ್‌ಲಾಕ್ ಇಲ್ಲದ ಉಪಕರಣ ಎಷ್ಟೇ ಅಗ್ಗವಾದರೂ ಬೇಡ. ಸೋರಿಕೆಯನ್ನು ಕೈಯಿಂದ ಹುಡುಕಬಾರದು, 150 ಬಾರ್‌ನ ಧಾರೆ ಚರ್ಮದೊಳಗೆ ನುಗ್ಗುತ್ತದೆ. ಸೋಪಿನ ನೀರು ಹಚ್ಚಿ ನೋಡಿ. ಸಿಲಿಂಡರ್ ಬಣ್ಣ ನಂಬಬೇಡಿ, ದೇಶದಿಂದ ದೇಶಕ್ಕೆ ಅದು ಬೇರೆ. ಲೇಬಲ್ ಓದಿ. ನೈಟ್ರೋಜನ್ ಜಾಗಕ್ಕೆ ಆಮ್ಲಜನಕದ ಸಿಲಿಂಡರ್ ಬಂದು ಕೂತರೆ ಹುಡುಗರ ಬೆಂಕಿಯ ಭಯ ನಿಜವಾಗುತ್ತದೆ.

ನಾನಾದರೆ ಯಾವ ಕ್ರಮದಲ್ಲಿ ಹೋಗುತ್ತಿದ್ದೆ?

ಮೊದಲು ಹಾಟ್ ಏರ್ ಗನ್, ತಕ್ಕಡಿ. ಆಮೇಲೆ ಗೇಟ್. ಅದರ ಜೊತೆಗೇ ಸೋಡಾ ಮಾಸ್ಟರ್‌ಬ್ಯಾಚ್‌ನ ಟ್ರಯಲ್. ಕೆಳಗಿನಿಂದ ಟೊಳ್ಳು ಮಾಡಲು ಗ್ರಾಹಕ ಒಪ್ಪುತ್ತಾರೆಯೇ ಎಂದು ಕೇಳಿ ನೋಡುವುದು. ಇವು ಯಾವುದರಿಂದಲೂ ಆಗದಿದ್ದರೆ, ಹಿಡಿಕೆಯ ಆರ್ಡರ್ ದೊಡ್ಡದಿದ್ದರೆ, ಆಗ ನೈಟ್ರೋಜನ್. ಬೇರೆ ಬೇರೆ ಸಣ್ಣ ಆರ್ಡರ್‌ಗಳ ನಡುವೆ ತಿಂಗಳಿಗೊಮ್ಮೆ ಓಡುವ ಅಚ್ಚಾದರೆ ಲೆಕ್ಕ ಕೂಡಿಬರುವುದು ಕಷ್ಟ.

ಮಾರುವವರನ್ನು ಮತ್ತೆ ಕರೆಸಿದಾಗ ಅವರ ಮಾದರಿ ಹಿಡಿಕೆ ನೋಡಿ ಒಪ್ಪಬೇಡಿ. ನಿಮ್ಮ ಅಚ್ಚಿನಲ್ಲಿ, ನಿಮ್ಮ ಮಾಲಿನಲ್ಲಿ ಮಾಡಿ ತೋರಿಸಲಿ. ಗ್ಯಾಸ್ ಪಿನ್ ಎಲ್ಲಿ ಬರುತ್ತದೆ, ಅದು ಬಿಡುವ ತೂತನ್ನು ಹೇಗೆ ಮುಚ್ಚುತ್ತಾರೆ ಎಂದು ಕೇಳಿ. ತೂತು ಹಾಗೇ ಉಳಿದರೆ ತೊಳೆಯುವಾಗ ನೀರು ಒಳಗೆ ಸೇರಿ ನಿಲ್ಲುತ್ತದೆ. ಟ್ರಯಲ್ ಶಾಟ್‌ಗಳನ್ನೆಲ್ಲ ಉದ್ದಕ್ಕೆ ಸೀಳಿ, ಹಿಡಿ ಮತ್ತು ಪಟ್ಟಿ ಸೇರುವ ಜಾಗದಲ್ಲಿ ಗೋಡೆಯ ದಪ್ಪ ಅಳೆದು ಬರೆದಿಡಿ. ಅಲ್ಲಿ ಒಂದರಲ್ಲಿ 3, ಇನ್ನೊಂದರಲ್ಲಿ 1 ಮಿ.ಮೀ. ಬಂದರೆ, ಹೊರಗೆ ಎಷ್ಟೇ ಹೊಳೆಯುತ್ತಿದ್ದರೂ, ಆರ್ಡರ್‌ಗೆ ಸಹಿ ಹಾಕಬೇಡಿ.